ಜೋಡುದೋಣಿಗೆ ತಕ್ಕ ಎಂಜಿನು

ತೊರಗಲ್ಲು ನಾಡು ಕಡಲಿಗೆ ದೂರವಾದ ಎರೆಯ ನೆಲ. ಆದರೂ ನೀರಿನ ಪಯಣ ಅದಕ್ಕೆ ಹೊಸದಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕಿತ್ತೂರಿನ ಸೀಮೆಯನ್ನೂ ಬೈಲಹೊಂಗಲದ ಸಂಗೊಳ್ಳಿಯನ್ನೂ ಹಾಯ್ದು, ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಗುಡ್ಡಗಳ ಇಕ್ಕಟ್ಟಿನೊಳಗೆ ನುಸುಳಿ, ತೊರಗಲ್ಲಿನ ಕೋಟೆಯನ್ನೂ ರಾಮದುರ್ಗವನ್ನೂ ಬಳಸಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸೇತುವೆಗಳಿಲ್ಲದ ದಿನಗಳಲ್ಲಿ ತುಂಬಿ ಹರಿಯುವ ಹೊಳೆಯನ್ನು ಜನ ಹರಿಗೋಲಿನಲ್ಲಿ ಕುಳಿತು ದಾಟುತ್ತಿದ್ದರು. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದ ಮೇಲೆ, 3,773 ಕೋಟಿ ಘನ ಅಡಿ ನೀರು ಹಿಡಿಯುವ ರೇಣುಕಾಸಾಗರವು ಈ ನಾಡಿನ ನಡುವೆಯೇ ಹರಡಿಕೊಂಡಿತು. ಅದರ ದಂಡೆಯಲ್ಲಿ ನಿಂತವರಿಗೆ, ಗಾಳಿ ಎದ್ದಾಗ ನೀರು ಹೇಗೆ ತೆರೆಯಾಗಿ ದಡವನ್ನು ಬಡಿಯುತ್ತದೆ ಎಂಬುದು ತಿಳಿದಿರುತ್ತದೆ.

ಈ ನಾಡಿನ ಒಕ್ಕಲಿಗನಿಗೆ ಇನ್ನೊಂದು ಸಂಗತಿಯೂ ಚೆನ್ನಾಗಿ ಗೊತ್ತು. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಎಲ್ಲಕ್ಕಿಂತ ಮುಂದೆ ಓಡಿ ಬರುವ ಎತ್ತೇ ಎರೆಯ ಹೊಲದಲ್ಲಿ ನೇಗಿಲು ಎಳೆಯಲು ಅತ್ಯುತ್ತಮವಾದುದೆಂದು ಹೇಳಲಾಗದು. ಓಟದ ಎತ್ತಿನ ಗುಣ ಒಂದು, ಭಾರ ಜಗ್ಗುವ ಎತ್ತಿನ ಗುಣ ಇನ್ನೊಂದು. ಸಂತೆಗೆ ಹೋದ ಜಾಣ ರೈತನು ಮೊದಲು ತನ್ನ ಹೊಲದ ಕೆಲಸವನ್ನು ನೆನೆದು, ಅನಂತರ ಎತ್ತಿನ ಹಲ್ಲು ಹಿಡಿದು ನೋಡುತ್ತಾನೆ. ಯಂತ್ರಗಳ ಆಯ್ಕೆಯಲ್ಲಿಯೂ ಇದೇ ವಿವೇಕ ಬೇಕಾಗುತ್ತದೆ. ಕಡಲಲ್ಲಿ ಸಂಚರಿಸುವ ದೊಡ್ಡದೊಂದು ಜೋಡುದೋಣಿಗೆ ಎಂಜಿನನ್ನು ಆರಿಸುವ ಬಗೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ಜೋಡುದೋಣಿ ಎಂದರೇನು? ನಮ್ಮ ಕರಾವಳಿಯ ಹೊಳೆಗಳಿಗೆ ಸೇತುವೆ ಬರುವ ಮುನ್ನ, ಎರಡು ದೋಣಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ, ಅವುಗಳ ಮೇಲೆ ಅಡ್ಡ ತೊಲೆಗಳನ್ನು ಬಿಗಿದು, ಹಲಗೆ ಹಾಸಿ, ಬಂಡಿಗಳನ್ನೂ ಮೋಟಾರುಗಳನ್ನೂ ದಾಟಿಸುತ್ತಿದ್ದರು. ಈ ಜೋಡಿಗೆ ಜಂಗಲ್ ಎಂದು ಹೆಸರು. ಒಂಟಿ ದೋಣಿಯು ಬದಿಗೆ ಹೊರಳಬಹುದಾದ ಕಡೆ ಜಂಗಲ್ ಸಮತೋಲ ತಪ್ಪದೆ ನಿಲ್ಲುತ್ತಿತ್ತು. ಎರಡು ಎತ್ತುಗಳನ್ನು ನೊಗವು ಕೂಡಿಸುವಂತೆ, ಎರಡು ಒಡಲುಗಳನ್ನು ಅಡ್ಡ ತೊಲೆಗಳು ಕೂಡಿಸುತ್ತವೆ. ಪೆಸಿಫಿಕ್ ಸಾಗರದ ದ್ವೀಪವಾಸಿಗಳು ಇಂತಹ ಜೋಡುದೋಣಿಗಳಿಗೆ ಹಾಯಿ ಕಟ್ಟಿ ಬಹು ದೂರದ ದ್ವೀಪಗಳನ್ನು ತಲುಪಿದರು. ಇಂದು ಜಗತ್ತಿನಾದ್ಯಂತ ಇಂತಹ ದೋಣಿಗೆ ‘ಕ್ಯಾಟಮರಾನ್’ ಎನ್ನುತ್ತಾರೆ. ಈ ಹೆಸರು ತಮಿಳಿನ ‘ಕಟ್ಟುಮರಂ’ ಎಂಬ ಶಬ್ದದಿಂದ ಬಂದಿದೆ. ಮರದ ದಿಮ್ಮಿಗಳನ್ನು ಕಟ್ಟಿ ಮಾಡಿದ ತೆಪ್ಪ ಎಂಬುದು ಅದರ ಮೂಲಾರ್ಥ. ಅಮೆರಿಕದ ನೌಕಾಶಿಲ್ಪಿ ನಥಾನಿಯಲ್ ಹೆರೆಶಾಫ್ 1876ರಲ್ಲಿ ಕಟ್ಟಿದ ‘ಅಮರಿಲ್ಲಿಸ್’ ಎಂಬ ಜೋಡುದೋಣಿಯು ನ್ಯೂಯಾರ್ಕಿನ ಪಂದ್ಯದಲ್ಲಿ ಒಂಟಿ ಒಡಲಿನ ಹಾಯಿದೋಣಿಗಳನ್ನು ಹಿಂದಿಕ್ಕಿ ಎಲ್ಲರನ್ನೂ ಬೆರಗುಗೊಳಿಸಿತು. ನೀಳವಾದ, ಕಿರಿದಾದ ಎರಡು ಒಡಲುಗಳು ನೀರನ್ನು ಸುಲಭವಾಗಿ ಸೀಳುವುದೇ ಈ ವೇಗದ ಗುಟ್ಟು.

ಹಾಯಿ ಇರುವ ದೋಣಿಗೆ ಎಂಜಿನೇಕೆ ಎಂದು ನೀವು ಕೇಳಬಹುದು. ಗಾಳಿ ಮನುಷ್ಯನ ಆಳಲ್ಲ. ಕೆಲವೊಮ್ಮೆ ಅದು ಪೂರ್ತಿಯಾಗಿ ನಿಂತುಬಿಡುತ್ತದೆ. ಬಂದರಿನ ಇಕ್ಕಟ್ಟಾದ ಬಾಯಿಯಲ್ಲಿ, ನೂರಾರು ದೋಣಿಗಳ ನಡುವೆ, ಹಾಯಿಯೊಂದನ್ನೇ ನಂಬಿ ತಿರುಗುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾದ ಅಪಾಯವೆಂದರೆ, ಗಾಳಿಯು ಕಡಲಿನಿಂದ ದಡದ ಬಂಡೆಗಳತ್ತ ಬೀಸುತ್ತಿರುವಾಗ ದೋಣಿಯು ಆ ದಡದ ಸಮೀಪ ಸಿಕ್ಕಿಬೀಳುವುದು. ಅಂತಹ ಗಳಿಗೆಯಲ್ಲಿ ಎಂಜಿನಿಗೆ ಶಕ್ತಿ ಸಾಲದಿದ್ದರೆ ದೋಣಿಯೂ ಅದರಲ್ಲಿರುವವರ ಪ್ರಾಣವೂ ಗಂಡಾಂತರಕ್ಕೆ ಒಳಗಾಗುತ್ತವೆ. ಎಂಜಿನಿನ ಆಯ್ಕೆಯನ್ನು ಕೇವಲ ಅನುಕೂಲದ ಮಾತೆಂದು ತಿಳಿಯಲಾಗದು ಎಂಬುದಕ್ಕೆ ಇದೇ ಕಾರಣ.

ದೋಣಿಯ ಎಂಜಿನುಗಳಲ್ಲಿ ಎರಡು ಬಗೆ. ಒಡಲಿನ ಒಳಗೆ ಕೂರಿಸುವುದು ಒಂದು. ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವುದು ಇನ್ನೊಂದು. ಎರಡನೆಯದಕ್ಕೆ ಔಟ್‌ಬೋರ್ಡ್ ಎಂಜಿನು ಎಂದು ಹೆಸರು. ಇದರ ಮೇಲ್ತುದಿಯಲ್ಲಿ ಎಂಜಿನು, ನಡುವೆ ಉದ್ದವಾದ ದಂಡ, ನೀರಿನೊಳಗಿನ ಕೆಳತುದಿಯಲ್ಲಿ ತಿರುಗುವ ಪಂಖ ಇರುತ್ತವೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಮಾರಾಟಕ್ಕಿಟ್ಟ ಎಂಜಿನು ಈ ಬಗೆಯ ಯಂತ್ರವನ್ನು ಜನಸಾಮಾನ್ಯರ ಕೈಗೆ ತಲುಪಿಸಿತು. ಅದರ ಶಕ್ತಿ ಕೇವಲ ಒಂದೂವರೆ ಅಶ್ವಶಕ್ತಿ. ಇಂದು ನೂರಾರು ಅಶ್ವಶಕ್ತಿಯ ಔಟ್‌ಬೋರ್ಡ್‌ಗಳು ದೊರೆಯುತ್ತವೆ. ಆಯ್ಕೆ ಕಠಿಣವಾಗಿರುವುದು ಈ ಹೇರಳತೆಯಿಂದಲೇ.

ಒಂದು ದೋಣಿಯನ್ನು ಕಲ್ಪಿಸಿಕೊಳ್ಳೋಣ. ಅದರ ಉದ್ದ 12 ಮೀಟರು. ಜನ, ನೀರು, ಆಹಾರ, ಸಾಮಗ್ರಿಗಳೆಲ್ಲ ಸೇರಿ ತೂಕ 6 ಟನ್ನು. ದೋಣಿ ಕಟ್ಟುವವರಲ್ಲಿ ರೂಢಿಯಲ್ಲಿರುವ ಒಂದು ಸ್ಥೂಲ ಲೆಕ್ಕದಂತೆ, ಹಾಯಿದೋಣಿಯ ಪ್ರತಿ ಟನ್ನು ತೂಕಕ್ಕೆ ಸುಮಾರು 4 ಅಶ್ವಶಕ್ತಿ ಬೇಕು. ಆ ಪ್ರಕಾರ ಈ ದೋಣಿಗೆ ಬೇಕಾದುದು 24 ಅಶ್ವಶಕ್ತಿ. ‘ಇದಕ್ಕೆ ಬದಲಾಗಿ 100 ಅಶ್ವಶಕ್ತಿಯನ್ನೇ ಹೂಡಿದರೆ ನಾಲ್ಕು ಪಟ್ಟು ವೇಗವಾಗಿ ಹೋಗಬಹುದಲ್ಲ!’ ಎಂದು ತೋರಬಹುದು. ನೀರಿನ ಸ್ವಭಾವ ಇದಕ್ಕೆ ಒಪ್ಪುವುದಿಲ್ಲ. ನೀರಿನಲ್ಲಿ ಮುಳುಗಿ ಸಾಗುವ ಒಡಲಿನ ವೇಗ ಹೆಚ್ಚಿದಂತೆ, ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 9 ಕಿಲೋಮೀಟರಿನಿಂದ 18 ಕಿಲೋಮೀಟರಿಗೆ, ಅಂದರೆ ಎರಡು ಪಟ್ಟು ವೇಗಕ್ಕೆ ಏರಲು ಸುಮಾರು ಎಂಟು ಪಟ್ಟು ಶಕ್ತಿ ಬೇಕಾಗುತ್ತದೆ. ಹೀಗಾಗಿ ನಾಲ್ಕು ಪಟ್ಟು ಶಕ್ತಿ ಹೂಡಿದರೂ ವೇಗವು ಎರಡು ಪಟ್ಟನ್ನು ಕೂಡ ಮುಟ್ಟದು. ಇಂಧನ ಮಾತ್ರ ನಾಲ್ಕು ಪಟ್ಟು ಉರಿಯುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಎಂಜಿನಿನ ಮೇಲೆ ಬರೆದಿರುವ ಅಶ್ವಶಕ್ತಿಯೇ ಬೇರೆ, ಅದು ದೋಣಿಗೆ ಕೊಡುವ ನೂಕುಬಲವೇ ಬೇರೆ. ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ಓದಿದ್ದೀರಿ. ಪಂಖವು ನೀರನ್ನು ಹಿಂದಕ್ಕೆ ತಳ್ಳುತ್ತದೆ. ಆ ನೀರು ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಪಂಖವು ಸೆಕೆಂಡಿಗೆ 50 ಕಿಲೋಗ್ರಾಂ ನೀರನ್ನು ಸೆಕೆಂಡಿಗೆ 4 ಮೀಟರು ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ ಎನ್ನಿ. ಇನ್ನೊಂದು ದೊಡ್ಡ ಪಂಖವು ಸೆಕೆಂಡಿಗೆ 100 ಕಿಲೋಗ್ರಾಂ ನೀರನ್ನು 2 ಮೀಟರು ವೇಗದಲ್ಲಿ ಎಸೆಯುತ್ತದೆ ಎನ್ನಿ. ರಾಶಿಯನ್ನು ವೇಗದಿಂದ ಗುಣಿಸಿದರೆ ಎರಡರ ನೂಕುಬಲವೂ 200 ನ್ಯೂಟನ್. ಆದರೆ ನೀರಿಗೆ ಕೊಡುವ ಚಲನಶಕ್ತಿಯನ್ನು ಲೆಕ್ಕ ಹಾಕಿ ನೋಡಿ. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಾಗ ಮೊದಲನೆಯದರಲ್ಲಿ ಸೆಕೆಂಡಿಗೆ 400 ಜೂಲ್, ಎರಡನೆಯದರಲ್ಲಿ 200 ಜೂಲ್ ಆಗುತ್ತದೆ. ಅದೇ ನೂಕುಬಲಕ್ಕೆ ದೊಡ್ಡ ಪಂಖವು ಅರ್ಧದಷ್ಟು ಶಕ್ತಿಯನ್ನು ಮಾತ್ರ ವ್ಯಯಿಸುತ್ತದೆ. ಸ್ವಲ್ಪ ನೀರನ್ನು ರಭಸದಿಂದ ಎಸೆಯುವುದಕ್ಕಿಂತ ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದು ಲೇಸು ಎಂಬುದು ಇದರಿಂದ ಸಿದ್ಧವಾಗುತ್ತದೆ.

ದೊಡ್ಡ ಪಂಖವನ್ನು ನಿಧಾನವಾಗಿ ತಿರುಗಿಸಲು ಹಲ್ಲುಗಾಲಿಗಳ ನೆರವು ಬೇಕು. ಸಾಮಾನ್ಯ ಚಿಕ್ಕ ಔಟ್‌ಬೋರ್ಡಿನಲ್ಲಿ ಎಂಜಿನು ಸುಮಾರು ಎರಡು ಸುತ್ತು ತಿರುಗಿದರೆ ಪಂಖ ಒಂದು ಸುತ್ತು ತಿರುಗುತ್ತದೆ. ಭಾರದ ದೋಣಿಗಳಿಗಾಗಿ ತಯಾರಿಸುವ, ಹೆಚ್ಚು ನೂಕುಬಲದ ಮಾದರಿಗಳಲ್ಲಿ ಎಂಜಿನು ಸುಮಾರು ಮೂರು ಸುತ್ತು ತಿರುಗಿದಾಗ ಪಂಖ ಒಮ್ಮೆ ತಿರುಗುತ್ತದೆ. ಇದರ ಜೊತೆಗೆ ಪಂಖದ ಓರೆಯನ್ನೂ ಗಮನಿಸಬೇಕು. ತಿರುಪು ಮೊಳೆಯು ಒಂದು ಸುತ್ತಿಗೆ ಮರದೊಳಗೆ ಇಂತಿಷ್ಟು ದೂರ ಇಳಿಯುವಂತೆ, ಪಂಖವೂ ಒಂದು ಸುತ್ತಿಗೆ ಇಂತಿಷ್ಟು ದೂರ ಮುಂದುವರಿಯಬೇಕೆಂದು ಅದರ ಓರೆಯನ್ನು ರೂಪಿಸಿರುತ್ತಾರೆ. ಈ ದೂರವನ್ನು ಪಂಖದ ಹೆಜ್ಜೆ ಎನ್ನೋಣ.

ನಮ್ಮ ದೋಣಿಯು ಗಂಟೆಗೆ 11 ಕಿಲೋಮೀಟರು ಸಾಗಬೇಕೆಂದರೆ ನಿಮಿಷಕ್ಕೆ ಸುಮಾರು 183 ಮೀಟರು ದೂರ ಕ್ರಮಿಸಬೇಕು. ಎಂಜಿನಿನ ವೇಗ ನಿಮಿಷಕ್ಕೆ 5,000 ಸುತ್ತು ಇರಲಿ. ಸಾಮಾನ್ಯ ಮಾದರಿಯಲ್ಲಿ ಪಂಖವು 2,500 ಸುತ್ತು ತಿರುಗುತ್ತದೆ. ಅದರ ಹೆಜ್ಜೆ 25 ಸೆಂಟಿಮೀಟರಾದರೆ, ಅದು ನಿಮಿಷಕ್ಕೆ 625 ಮೀಟರು ಹೋಗುವ ದೋಣಿಗೆ ತಕ್ಕ ಪಂಖ. ಹಗುರವಾದ ಓಟದ ದೋಣಿಗೆ ಅದು ಒಪ್ಪುತ್ತದೆ. ನಮ್ಮ ಭಾರದ ದೋಣಿಗೆ ಅದನ್ನು ಹೂಡಿದರೆ ಎಂಜಿನು ಏದುಸಿರು ಬಿಡುತ್ತದೆ, ಪಂಖವು ನೀರನ್ನು ಕಡೆಯುತ್ತದೆ, ದೋಣಿ ಮಾತ್ರ ತೆವಳುತ್ತದೆ. ಇನ್ನೊಂದು ಮಾದರಿಯಲ್ಲಿ ಪಂಖವು ಸುಮಾರು 1,667 ಸುತ್ತು ತಿರುಗುತ್ತದೆ. ಅದರ ಹೆಜ್ಜೆ 15 ಸೆಂಟಿಮೀಟರಾದರೆ ನಿಮಿಷಕ್ಕೆ 250 ಮೀಟರು ಆಗುತ್ತದೆ. ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ಪಂಖವು ಒಂದಿಷ್ಟು ಜಾರಲೇಬೇಕು. ಆ ಜಾರಿಕೆಯನ್ನು ಕಳೆದರೆ ಈ ಪಂಖ ನಮ್ಮ ದೋಣಿಗೆ ಸರಿಯಾಗಿ ಹೊಂದುತ್ತದೆ. ಒಂದು ಓಟದ ಎತ್ತು, ಇನ್ನೊಂದು ನೇಗಿಲಿನ ಎತ್ತು. ಇವೆರಡರ ಅಶ್ವಶಕ್ತಿ ಒಂದೇ ಆಗಿದ್ದರೂ ಕೆಲಸ ಬೇರೆ ಬೇರೆ.

ಈಗ ಗಾಳಿಯ ಪರೀಕ್ಷೆ. ಶಾಂತವಾದ ನೀರಿನಲ್ಲಿ ಸಾಕೆನಿಸಿದ ಎಂಜಿನು ಎದುರುಗಾಳಿಯಲ್ಲಿ ಸಾಲದೆ ಹೋಗಬಹುದು. ಜೋಡುದೋಣಿಯು ಅಗಲವಾದುದು, ಹಾಯಿ ಇಳಿಸಿದ ಮೇಲೂ ಅದರ ಮುಂಭಾಗವು ಗಾಳಿಗೆ ಗೋಡೆಯಂತೆ ಒಡ್ಡಿಕೊಂಡಿರುತ್ತದೆ. ಈ ಮುಂಭಾಗದ ವಿಸ್ತೀರ್ಣ 15 ಚದರ ಮೀಟರು ಎಂದು ಎಣಿಸಿದರೆ, ಗಂಟೆಗೆ 36 ಕಿಲೋಮೀಟರು ವೇಗದ ಗಾಳಿಯು ಅದನ್ನು ಸುಮಾರು 90 ಕಿಲೋಗ್ರಾಂ ಭಾರದಷ್ಟು ಬಲದಿಂದ ಹಿಂದಕ್ಕೆ ಒತ್ತುತ್ತದೆ. ಗಾಳಿಯ ವೇಗ 54 ಕಿಲೋಮೀಟರಿಗೆ, ಅಂದರೆ ಒಂದೂವರೆ ಪಟ್ಟಿಗೆ ಏರಿದಾಗ ಒತ್ತುಬಲವು ಒಂದೂವರೆ ಪಟ್ಟಿಗೆ ನಿಲ್ಲದೆ ಅದರ ವರ್ಗಕ್ಕೆ, ಎಂದರೆ ಎರಡೂಕಾಲು ಪಟ್ಟಿಗೆ ಏರುತ್ತದೆ. ಆಗ ಅದು ಸುಮಾರು 200 ಕಿಲೋಗ್ರಾಂ. ತಕ್ಕ ಪಂಖವುಳ್ಳ ನಿಧಾನಗತಿಯ ಔಟ್‌ಬೋರ್ಡು ನಿಂತ ದೋಣಿಗೆ ಪ್ರತಿ ಅಶ್ವಶಕ್ತಿಗೆ ಸುಮಾರು 9 ಕಿಲೋಗ್ರಾಂ ನೂಕುಬಲ ಕೊಡುತ್ತದೆಂದು ಹಿಡಿಯಬಹುದು. 10 ಅಶ್ವಶಕ್ತಿಯ ಎರಡು ಎಂಜಿನುಗಳು ಕೊಡುವುದು 180 ಕಿಲೋಗ್ರಾಂ. ಮೊದಲನೆಯ ಗಾಳಿಯನ್ನು ಅವು ಗೆಲ್ಲುತ್ತವೆ. ಎರಡನೆಯದಕ್ಕೆ ಸೋಲುತ್ತವೆ, ದೋಣಿ ದಡದ ಬಂಡೆಗಳತ್ತ ಹಿಂದಕ್ಕೆ ಸರಿಯುತ್ತದೆ. 15 ಅಶ್ವಶಕ್ತಿಯ ಎರಡಾದರೆ 270, 20 ಅಶ್ವಶಕ್ತಿಯ ಎರಡಾದರೆ 360. ತೆರೆಗಳ ಹೊಡೆತಕ್ಕೂ ಒಂದು ಪಾಲನ್ನು ಮೀಸಲಿಡಬೇಕಾದ್ದರಿಂದ, 15 ರಿಂದ 20 ಅಶ್ವಶಕ್ತಿಯ ಎರಡು ಎಂಜಿನುಗಳೇ ನಮ್ಮ ದೋಣಿಗೆ ತಕ್ಕವು. ಶಾಂತವಾದ ನೀರಿನ ಲೆಕ್ಕವು 24 ಎಂದಿತು. ಅದನ್ನು ತಿದ್ದಿದ್ದು ಕೆಟ್ಟ ದಿನದ ಲೆಕ್ಕ. ಮನೆಯ ಮಾಳಿಗೆಯ ಗಟ್ಟಿತನವನ್ನು ನಾವು ಅಳೆಯುವುದು ಬೇಸಗೆಯಲ್ಲಿ ಅಲ್ಲವಷ್ಟೆ, ಮಳೆಗಾಲದಲ್ಲಿ.

ಎರಡು ಎಂಜಿನುಗಳ ಬದಲಾಗಿ 40 ಅಶ್ವಶಕ್ತಿಯ ಒಂದನ್ನೇ ನಡುವೆ ಕೂರಿಸಬಾರದೇಕೆ? ಬೆಲೆಯ ದೃಷ್ಟಿಯಿಂದ ಅದರಲ್ಲಿ ಉಳಿತಾಯವಿರಬಹುದು. ಆದರೆ ಎರಡರಿಂದ ಬರುವ ಲಾಭಗಳು ಬೇರೆಯೇ ಆಗಿವೆ. ಬಂಡಿಯನ್ನು ಇಕ್ಕಟ್ಟಾದ ಓಣಿಯಲ್ಲಿ ತಿರುಗಿಸುವಾಗ ರೈತನು ಒಳಬದಿಯ ಎತ್ತನ್ನು ತಡೆದು ಹೊರಬದಿಯ ಎತ್ತನ್ನು ನಡೆಸುತ್ತಾನೆ. ಅದೇ ಬಗೆಯಲ್ಲಿ, ನಾಲ್ಕೈದು ಮೀಟರು ಅಂತರದಲ್ಲಿರುವ ಎರಡು ಎಂಜಿನುಗಳಲ್ಲಿ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನಡೆಸಿದರೆ ದೋಣಿಯು ನಿಂತಲ್ಲಿಯೇ ತಿರುಗುತ್ತದೆ. ಅಲ್ಲದೆ ಒಂದು ಕೆಟ್ಟು ನಿಂತರೆ ಇನ್ನೊಂದು ದೋಣಿಯನ್ನು ಬಂದರಿಗೆ ಮುಟ್ಟಿಸೀತು. ಆದರೆ ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಎರಡೂ ಎಂಜಿನುಗಳು ಒಂದೇ ತೊಟ್ಟಿಯ ಪೆಟ್ರೋಲನ್ನು ಕುಡಿಯುತ್ತಿದ್ದು, ಆ ತೊಟ್ಟಿಯಲ್ಲಿ ನೀರು ಸೇರಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಪ್ರತಿಯೊಂದಕ್ಕೂ ಬೇರೆ ತೊಟ್ಟಿ, ಬೇರೆ ಸೋಸುಕ, ಬೇರೆ ಬ್ಯಾಟರಿ ಇದ್ದರೆ ಮಾತ್ರ ಅವು ನಿಜವಾಗಿ ಎರಡು.

ಅನಂತರ ದಂಡದ ಉದ್ದವನ್ನು ನೋಡಬೇಕು. ಔಟ್‌ಬೋರ್ಡಿನ ದಂಡಗಳು ಸಾಮಾನ್ಯವಾಗಿ ಸುಮಾರು 38, 51 ಮತ್ತು 64 ಸೆಂಟಿಮೀಟರುಗಳ ಅಳತೆಗಳಲ್ಲಿ ದೊರೆಯುತ್ತವೆ. ಜೋಡುದೋಣಿಯ ಅಟ್ಟವು ನೀರಿನಿಂದ ಎತ್ತರದಲ್ಲಿರುವುದರಿಂದ ಗಿಡ್ಡ ದಂಡವು ಅದಕ್ಕೆ ಸಾಲದು. ತೆರೆಯ ಮೇಲೆ ದೋಣಿಯ ಹಿಂಬದಿ ಎದ್ದಾಗ ಪಂಖವು ನೀರಿನಿಂದ ಹೊರಬಂದರೆ ಅದು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಹಿಡಿತ ತಪ್ಪಿದ ಎಂಜಿನು ಒಮ್ಮೆಲೇ ಕಿರಿಚುತ್ತ ವೇಗವೇರುತ್ತದೆ, ನೂಕುಬಲ ಮಾತ್ರ ಸೊನ್ನೆಯಾಗುತ್ತದೆ. ಆದುದರಿಂದ ಉದ್ದನೆಯ ದಂಡವನ್ನು ಆರಿಸಿ, ಎಂಜಿನನ್ನು ಸಾಧ್ಯವಾದಷ್ಟು ತೀರ ಹಿಂದಿನ ತುದಿಗೆ ಬಾರದಂತೆ ಕೂರಿಸುತ್ತಾರೆ. ದೋಣಿ ಏರಿಳಿಯುವಾಗ ತುದಿಗಳ ಚಲನೆ ಹೆಚ್ಚು, ನಡುವಿನ ಚಲನೆ ಕಡಿಮೆ ಎಂಬುದು ಇದಕ್ಕೆ ಕಾರಣ.

ತೂಕವನ್ನೂ ಮರೆಯುವಂತಿಲ್ಲ. ಜೋಡುದೋಣಿಯ ಒಡಲುಗಳು ಕಿರಿದಾದ್ದರಿಂದ ಅವು ಭಾರಕ್ಕೆ ಬೇಗ ತಗ್ಗುತ್ತವೆ. ನೀರಿನ ಮಟ್ಟದಲ್ಲಿ ಎರಡೂ ಒಡಲುಗಳ ವಿಸ್ತೀರ್ಣ ಒಟ್ಟು 17 ಚದರ ಮೀಟರು ಇದ್ದರೆ, ಪ್ರತಿ 170 ಕಿಲೋಗ್ರಾಂ ತೂಕಕ್ಕೆ ದೋಣಿಯು ಒಂದು ಸೆಂಟಿಮೀಟರು ಮುಳುಗುತ್ತದೆ. ಆ ಭಾರವೆಲ್ಲ ಹಿಂಬದಿಯಲ್ಲಿಯೇ ಕುಳಿತರೆ ಹಿಂಬದಿ ಇನ್ನೂ ಹೆಚ್ಚು ತಗ್ಗಿ ನೀರನ್ನು ಎಳೆಯತೊಡಗುತ್ತದೆ. ಒಡಲಿನೊಳಗಿನ ಡೀಸೆಲ್ ಎಂಜಿನು ಬಾಳಿಕೆಯುಳ್ಳದ್ದು, ಮಿತವಾಗಿ ಇಂಧನ ಬಳಸುವಂಥದು, ಬ್ಯಾಟರಿಗಳಿಗೆ ಧಾರಾಳವಾಗಿ ವಿದ್ಯುತ್ತು ಒದಗಿಸುವಂಥದು. ಆದರೆ ಅದು ಹೆಚ್ಚು ಭಾರ. ಅದರ ಪಂಖವು ಹಾಯಿಯಿಂದ ಸಾಗುವಾಗಲೂ ನೀರಿನಲ್ಲಿಯೇ ಇದ್ದು ತಡೆಯೊಡ್ಡುತ್ತದೆ. ಔಟ್‌ಬೋರ್ಡನ್ನು ಮೇಲಕ್ಕೆ ಎತ್ತಿಬಿಡಬಹುದು. ಕೆಟ್ಟರೆ ಬಿಚ್ಚಿ ದಡಕ್ಕೆ ಒಯ್ಯಬಹುದು. ಅದರ ಕುಂದು ಎಂದರೆ ಪೆಟ್ರೋಲು. 10 ಅಶ್ವಶಕ್ತಿಯ ಎಂಜಿನು ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರು ಕುಡಿಯುತ್ತದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಜಾಗದ ತಳದಲ್ಲಿ ಕೂಡಿಕೊಂಡು ಒಂದು ಕಿಡಿಗೆ ಸ್ಫೋಟಿಸಬಲ್ಲದು. ತೊಟ್ಟಿಗೆ ಗಾಳಿಯಾಡುವ ಸ್ಥಳವೇ ಬೇಕು. ಭಾರದ ದೋಣಿಯಲ್ಲಿ ವರ್ಷಗಟ್ಟಲೆ ದೂರ ಪ್ರಯಾಣ ಮಾಡುವವರು ಡೀಸೆಲನ್ನೂ, ಹಗುರವಾದ ದೋಣಿಯಲ್ಲಿ ಹೆಚ್ಚಾಗಿ ಹಾಯಿಯನ್ನೇ ನಂಬುವವರು ಔಟ್‌ಬೋರ್ಡನ್ನೂ ಆರಿಸುವುದುಂಟು. ಯಾವುದನ್ನು ಆರಿಸಿದರೂ ಉಪ್ಪುನೀರು ಲೋಹದ ವೈರಿ. ಬಳಸಿದ ಬಳಿಕ ಔಟ್‌ಬೋರ್ಡಿನ ಒಳದಾರಿಗಳನ್ನು ಸಿಹಿನೀರಿನಿಂದ ತೊಳೆಯದಿದ್ದರೆ ಎಷ್ಟು ಜಾಣತನದ ಆಯ್ಕೆಯೂ ವ್ಯರ್ಥ.

ಈ ಲೆಕ್ಕಾಚಾರವು ದೊಡ್ಡ ದೋಣಿಯ ಒಡೆಯರಿಗಷ್ಟೇ ಸೇರಿದ್ದಲ್ಲ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯ ನಾಡದೋಣಿಗಳು ಔಟ್‌ಬೋರ್ಡುಗಳನ್ನು ಬಳಸುತ್ತವೆ. ಜೂನ್ 1 ರಿಂದ ಜುಲೈ 31 ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನುಗಳುಳ್ಳ ನಾಡದೋಣಿಗಳಿಗೆ ಕರ್ನಾಟಕದಲ್ಲಿ ಅದರಿಂದ ವಿನಾಯಿತಿಯಿದೆ. ಅದೇ ತಿಂಗಳುಗಳಲ್ಲಿ ಪಶ್ಚಿಮದ ಮಳೆಗಾಳಿಯು ಕಡಲಿನಿಂದ ದಡದತ್ತ ಬೀಸುತ್ತದೆ. ಹೊಳೆಯ ಬಾಯಿಯಲ್ಲಿ ಒಡೆಯುವ ತೆರೆಗಳನ್ನು ದಾಟುವ ಮೀನುಗಾರನಿಗೆ ದೊರೆತಿರುವುದು ಆ 10 ಅಶ್ವಶಕ್ತಿಯಷ್ಟೆ. ಆ ಶಕ್ತಿಯು ದೋಣಿಯನ್ನು ನೂಕುವುದರಲ್ಲಿ ವಿನಿಯೋಗವಾಗುವುದೋ ನೀರನ್ನು ಕಡೆಯುವುದರಲ್ಲಿ ಪೋಲಾಗುವುದೋ ಎಂಬುದು ಪಂಖದ ಹೆಜ್ಜೆಯನ್ನೂ ದಂಡದ ಉದ್ದವನ್ನೂ ಅವಲಂಬಿಸಿದೆ. ಮನೆಯವರು ದಡದಲ್ಲಿ ಕಾದಿರುವಾಗ ಇದು ಕೇವಲ ಪುಸ್ತಕದ ಗಣಿತವಾಗಿ ಉಳಿಯುವುದಿಲ್ಲ.

ಯಂತ್ರವನ್ನು ಆರಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಷ್ಟೆ: ಎಳೆಯಬೇಕಾದ ಭಾರವೆಷ್ಟು? ಎದುರಾಗುವ ತಡೆ ಯಾವುದು? ಅತ್ಯಂತ ಕೆಟ್ಟ ದಿನದಲ್ಲಿ ಬೇಕಾಗುವ ಬಲವೆಷ್ಟು? ಒಂದು ಕೆಟ್ಟರೆ ಇನ್ನೊಂದು ಉಂಟೆ? ಇವುಗಳಿಗೆ ಉತ್ತರ ದೊರೆತ ಮೇಲೆ ಎಂಜಿನಿನ ಮೇಲೆ ಬರೆದಿರುವ ದೊಡ್ಡ ಅಂಕಿ ನಮ್ಮನ್ನು ಮರುಳುಗೊಳಿಸಲಾರದು. ಕಡಲಿನ ದೋಣಿಗೆ ಅನ್ವಯಿಸುವ ಈ ಮಾತು ಹೊಲಕ್ಕೆ ನೀರೆತ್ತುವ ಪಂಪಿಗೂ ಉಳುವ ಟ್ರ್ಯಾಕ್ಟರಿಗೂ ಅಷ್ಟೇ ಸತ್ಯ. ಕೆಲಸವನ್ನು ಅರಿತವನೇ ಸಾಧನವನ್ನು ಅರಿತಾನು.